ಹೆಸರು ಕಳೆದುಕೊಳ್ಳಲಿದ್ದ ಕಡಲ ಸೌತೆ

ಮದುವೆಯಾದ ಹೊಸತು. ನಾನು ತುಮಕೂರು ಕಡೆಯವನು, ಹೆಂಡತಿ ಪುತ್ತೂರಿನವಳು. ಆಫೀಸಿನಿಂದ ಬರುವಾಗ ಒಂದು ಸೌತೆಕಾಯಿ ತಾ, ಹುಳಿ ಮಾಡ್ತೇನೆ ಅಂತ ಮೆಸೇಜ್ ಹಾಕಿದ್ದಳು. ನಾನು ಎಳೆಯದು ನೋಡಿ, ಹಸಿರು ನೋಡಿ, ಒಂದಲ್ಲ ಎರಡು ಆರಿಸಿ ತಂದೆ. ಚೀಲ ಬಿಚ್ಚಿದವಳೇ, "ಇದು ಸೌತೆಯಾ ಮಾರಾಯಾ? ಇದು ಮುಳ್ಳುಸೌತೆ ಅಲ್ವಾ!" ಅಂದಳು. ಅವಳ ಊರಲ್ಲಿ ಸೌತೆಕಾಯಿ ಅಂದರೆ ಹಳದಿ ಪಟ್ಟೆಗಳಿರೋ, ಅಟ್ಟದಿಂದ ತೂಗುಹಾಕಿದರೆ ತಿಂಗಳುಗಟ್ಟಲೆ ಕೆಡದ, ನಾವು ಈ ಕಡೆಯವರು ಮಂಗಳೂರು ಸೌತೆ ಅನ್ನೋ ಕಾಯಿ. ನಾನು ಹುಟ್ಟಿದಾಗಿನಿಂದ ಸೌತೆಕಾಯಿ ಅಂತ ತಿಂದಿದ್ದು ಅವಳಿಗೆ ಮುಳ್ಳುಸೌತೆ. ಇಬ್ಬರೂ ಆಡೋದು ಕನ್ನಡವೇ, ಪದವೂ ಒಂದೇ, ತರಕಾರಿ ಮಾತ್ರ ಬೇರೆ. ಆ ರಾತ್ರಿ ಹುಳಿ ಇಲ್ಲ, ಕೋಸಂಬರಿ.

ಇದು ನೆನಪಾಗಿದ್ದು ಹೋದ ವರ್ಷ ಅಂಡಮಾನಿನಲ್ಲಿ, ಮೂರನೇ ತರದ ಸೌತೆಯೊಂದು ಕಂಡಾಗ. ಸ್ವರಾಜ್ ದ್ವೀಪದಲ್ಲಿ, ಅಂದರೆ ಹಳೇ ಹ್ಯಾವ್‌ಲಾಕ್‌ನಲ್ಲಿ, ಸ್ನಾರ್ಕೆಲ್ ಕಚ್ಚಿಕೊಂಡು ಎದೆಮಟ್ಟದ ನೀರಲ್ಲಿ ಮುಖ ಮುಳುಗಿಸಿ ತೇಲ್ತಿದ್ದೆ. ಕೆಳಗೆ ಬಿಳಿ ಮರಳಿನ ಮೇಲೆ ಗೇಣುದ್ದದ ಕಪ್ಪು ವಸ್ತು. ಯಾರೋ ಬಿಸಾಡಿದ ಸೈಕಲ್ ಟ್ಯೂಬ್ ಇರಬೇಕು ಅಂದುಕೊಂಡು ಕೈ ಚಾಚಿದೆ. ಗೈಡ್ ಹುಡುಗ ಗಬಕ್ಕನೆ ನನ್ನ ಮಣಿಕಟ್ಟು ಹಿಡಿದು ಎಳೆದ. ನೀರಿನಿಂದ ತಲೆ ಎತ್ತಿದ ಮೇಲೆ ಹಿಂದಿಯಲ್ಲಿ ಹೇಳಿದ: "ಸೀ ಕುಕುಂಬರ್ ಸಾರ್. ಮುಟ್ಟಬೇಡಿ. ಎತ್ತಿಕೊಂಡು ಹೋದರೆ ಜೈಲು."

ಕನ್ನಡದಲ್ಲಿ ಕಡಲ ಸೌತೆ. ತಮಿಳರು ಕಡಲ್ ಅಟ್ಟೈ ಅಂತಾರೆ, ಅಂದರೆ ಸಮುದ್ರದ ಜಿಗಣೆ. ಇದು ತರಕಾರಿಯೂ ಅಲ್ಲ, ಜಿಗಣೆಯೂ ಅಲ್ಲ. ನಕ್ಷತ್ರಮೀನಿನ ದಾಯಾದಿ. ಶಾಲೆಯಲ್ಲಿ ಕಂಟಕಚರ್ಮಿಗಳು ಅಂತ ಒಂದು ಪದ ಬಾಯಿಪಾಠ ಮಾಡಿದ್ವಲ್ಲ, ಆ ಗುಂಪು. ಮರಳು ನುಂಗುತ್ತೆ, ಅದರಲ್ಲಿರೋ ಕೊಳೆತದ್ದು ಕಳಿತದ್ದನ್ನು ಜೀರ್ಣಿಸಿಕೊಂಡು ಚೊಕ್ಕಟ ಮರಳನ್ನು ಹಿಂದಿನಿಂದ ಬಿಡುತ್ತೆ. ಹೆಚ್ಚಿನವು ಉಸಿರಾಡೋದೂ ಆ ಹಿಂದಿನ ದ್ವಾರದಿಂದಲೇ. ತೀರಾ ಕಿರುಕುಳ ಕೊಟ್ಟರೆ ಕೆಲವು ತಮ್ಮ ಕರುಳನ್ನೇ ಹೊರಗೆ ಕಾರಿ, ಆಮೇಲೆ ಹೊಸದು ಬೆಳೆಸಿಕೊಳ್ಳುತ್ತವೆ. ಜಗತ್ತಿನಲ್ಲಿ ಇಂಥ 1,700ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ದೊಡ್ಡ ಕುಲಗಳಲ್ಲೊಂದರ ಹೆಸರು ಹೊಲೊಥೂರಿಯಾ. ಅದೊಂದರಲ್ಲೇ 150ಕ್ಕಿಂತ ಹೆಚ್ಚು ಪ್ರಭೇದ. ನಾನು ಸೈಕಲ್ ಟ್ಯೂಬ್ ಅಂದುಕೊಂಡಿದ್ದೂ ಅದರದ್ದೇ ಒಂದು.

ರಾತ್ರಿ ರೂಮಿನಲ್ಲಿ ನೆಟ್‌ವರ್ಕ್ ಎರಡು ಕಡ್ಡಿ ಬರ್ತಿತ್ತು. ಹೆಸರಿನ ಅರ್ಥ ಏನು ಅಂತ ಸುಮ್ಮನೆ ಹುಡುಕಿದವನು ಬೆಳಗಿನ ಜಾವ ಎರಡು ಗಂಟೆವರೆಗೆ ಕೂತುಬಿಟ್ಟೆ. ಯಾಕಂದರೆ ಸಿಕ್ಕಿದ್ದು ಒಂದು ಬಗ್ ರಿಪೋರ್ಟ್. ಹುಟ್ಟಿದ್ದು 1758ರಲ್ಲಿ, ಕ್ಲೋಸ್ ಆಗಿದ್ದು 1924ರಲ್ಲಿ.

ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗೋದೇ 1758ರಿಂದ. ಸ್ವೀಡನ್ನಿನ ಕಾರ್ಲ್ ಲಿನೇಯಸ್ ಬರೆದ ‘ಸಿಸ್ಟೆಮಾ ನ್ಯಾಚುರೇ’ ಪುಸ್ತಕದ 10ನೇ ಆವೃತ್ತಿಯೇ ಮೊದಲ ಅಧಿಕೃತ ವರ್ಷನ್ ಅಂತ ಪ್ರಾಣಿಶಾಸ್ತ್ರಜ್ಞರು ಒಪ್ಪಿಕೊಂಡಿದ್ದಾರೆ. ಅದಕ್ಕೂ ಹಿಂದಿನ ಹೆಸರುಗಳು ಲೆಕ್ಕಕ್ಕಿಲ್ಲ. ಆ ಆವೃತ್ತಿಯಲ್ಲಿ ಹೊಲೊಥೂರಿಯಾ ಅನ್ನೋ ಕುಲ ಇದೆ. ಪದ ಗ್ರೀಕ್ ಮೂಲದ್ದು; ಎಲ್ಲೂ ಅಂಟಿಕೊಂಡಿರದಿದ್ದರೂ ಅಲ್ಲಾಡದೆ ಬಿದ್ದಿರೋ ಯಾವುದೋ ಸಮುದ್ರಜೀವಿಗೆ ಅರಿಸ್ಟಾಟಲ್ ಆ ಹೆಸರು ಬಳಸಿದ್ದ. ಲಿನೇಯಸ್ ಆ ಕುಲದೊಳಗೆ ನಾಲ್ಕು ಪ್ರಭೇದ ಇಟ್ಟ. ಆ ನಾಲ್ಕರಲ್ಲಿ ಒಂದೇ ಒಂದು ಕಡಲ ಸೌತೆಯೂ ಇಲ್ಲ!

ಮತ್ತೆ ಇದ್ದಿದ್ದು ಯಾರು? ಒಂದು, ಪೋರ್ಚುಗೀಸ್ ಮ್ಯಾನ್ ಆಫ್ ವಾರ್. 2018ರ ಆಗಸ್ಟ್‌ನಲ್ಲಿ ಮುಂಬೈನ ಜುಹು ಬೀಚಿಗೆ ಬಂದು ಬಿದ್ದು ಜನರ ಕಾಲಿಗೆಲ್ಲ ಕುಟುಕಿದ ನೀಲಿ ಬಲೂನು ನೆನಪಿದೆಯಾ? ಆ ಬಳಗದ್ದು. ನೋಡೋಕೆ ಲೋಳೆಮೀನು, ಆದರೆ ಒಂದು ಪ್ರಾಣಿಯೂ ಅಲ್ಲ. ಒಟ್ಟಿಗೆ ಸೇರಿ ಸಂಸಾರ ಮಾಡ್ತಿರೋ ಸಾವಿರಾರು ಜೀವಿಗಳ ವಠಾರ. ಉಳಿದ ಮೂರು, ಸಾಲ್ಪ್ ಎಂಬ ಗಾಜಿನಂಥ ಪಾರದರ್ಶಕ ಜೀವಿಗಳ ಕಡೆಯವು. ಮೆತ್ತಗಿದೆ, ನೀರಲ್ಲಿದೆ, ಕೈಕಾಲಿಲ್ಲ ಅನ್ನೋದು ಬಿಟ್ಟರೆ ಕಡಲ ಸೌತೆಗೂ ಇವಕ್ಕೂ ಯಾವ ನೆಂಟಸ್ತಿಕೆಯೂ ಇಲ್ಲ. ಲಿನೇಯಸ್‌ನನ್ನು ಬೈಯೋಕೆ ಮನಸ್ಸು ಬರಲ್ಲ. ಆತ ಎಷ್ಟೋ ಪ್ರಾಣಿಗಳನ್ನು ಕಣ್ಣಾರೆ ಕಾಣದೆ, ಬೇರೆಯವರು ಬರೆದಿದ್ದನ್ನು ಓದಿಯೇ ವರ್ಗೀಕರಿಸಬೇಕಿತ್ತು. ಡಾಕ್ಯುಮೆಂಟೇಶನ್ ನಂಬಿ ಕೋಡ್ ಬರೆದವರಿಗೆಲ್ಲ ಈ ಕಷ್ಟ ಗೊತ್ತು.

1767ರ 12ನೇ ಆವೃತ್ತಿಯಲ್ಲಿ ಲಿನೇಯಸ್ ನಿಜವಾದ ಕಡಲ ಸೌತೆಗಳನ್ನೂ ತಂದು ಇದೇ ಹೊಲೊಥೂರಿಯಾದೊಳಗೆ ಸೇರಿಸಿದ. ಆಮೇಲೆ ನಡೆದಿದ್ದು ಬಾಡಿಗೆ ಮನೆಗಳಲ್ಲಿ ನಡೆಯೋ ಕಥೆ. ಮೊದಲಿಂದ ಇದ್ದವರು ಒಬ್ಬೊಬ್ಬರಾಗಿ ಹೊರಗೆ ಹೋದರು. 1801ರಲ್ಲಿ ಫ್ರಾನ್ಸಿನ ಲಾಮಾರ್ಕ್, ಮ್ಯಾನ್ ಆಫ್ ವಾರ್‌ಗೆ ಫೈಸೇಲಿಯಾ ಎಂಬ ಬೇರೆ ಕುಲವನ್ನೇ ಕಟ್ಟಿಕೊಟ್ಟ. ಕೊನೆಗೆ ಬಂದ ಕಡಲ ಸೌತೆಗಳು ಮನೆಯನ್ನೂ ಬೋರ್ಡನ್ನೂ ಉಳಿಸಿಕೊಂಡವು. ಹೊಲೊಥೂರಿಯಾ ಅಂದರೆ ಕಡಲ ಸೌತೆ ಅಂತ ಜಗತ್ತೆಲ್ಲ ಒಪ್ಪಿತು. ಆ ಹೆಸರಿನ ಮೇಲೆ ಹೊಲೊಥೂರಿಡೇ ಅನ್ನೋ ಕುಟುಂಬ ಬಂತು, ಹೊಲೊಥೂರಾಯ್ಡಿಯಾ ಅನ್ನೋ ಇಡೀ ವರ್ಗ ಬಂತು. ಪಠ್ಯಪುಸ್ತಕಗಳು, ಮ್ಯೂಸಿಯಂ ಜಾಡಿಗಳ ಚೀಟಿಗಳು, ಎಲ್ಲ ಕಡೆ ಅದೇ.

140 ವರ್ಷ ಹೀಗೇ ಹೋಯಿತು. 1907ರ ಸುಮಾರಿಗೆ ಕೆಲವರು ಹಳೇ ಪುಸ್ತಕ ತೆರೆದು ನೋಡಿದರು. ಆಸ್ಟ್ರಿಯಾದ ಫ್ರಾಂಜ್ ಪೋಖೆ, ಅಮೆರಿಕದ ವಾಲ್ಟರ್ ಫಿಷರ್ ಮತ್ತು ಥಿಯೋಡೋರ್ ಗಿಲ್ ಇದರಲ್ಲಿ ಮುಖ್ಯರು. ಆ ಹೊತ್ತಿಗೆ ನಾಮಕರಣಕ್ಕೆ ಗಟ್ಟಿ ನಿಯಮಗಳು ಬಂದಿದ್ದವು. ಎಲ್ಲಕ್ಕಿಂತ ದೊಡ್ಡದು ಆದ್ಯತೆಯ ನಿಯಮ, ಅಂದರೆ ಮೊದಲು ಇಟ್ಟ ಹೆಸರು ಮೊದಲು ಪಡೆದವರಿಗೇ. ಆ ಪ್ರಕಾರ 1758ರ ಹೊಲೊಥೂರಿಯಾ ಸಲ್ಲಬೇಕಾದ್ದು ಅವತ್ತು ಒಳಗಿದ್ದವರಿಗೆ, ಅಂದರೆ ಮ್ಯಾನ್ ಆಫ್ ವಾರ್‌ಗೆ. ಫೈಸೇಲಿಯಾ ರದ್ದಾಗಬೇಕು. ಕಡಲ ಸೌತೆಗಳಿಗೆ ಬೇರೆ ಹೆಸರು ಹುಡುಕಬೇಕು. ಇನ್ನು ಮುಂದೆ ಯಾರಾದರೂ ಹೊಲೊಥೂರಿಯಾ ಅಂದರೆ ಕುಟುಕೋ ನೀಲಿ ಬಲೂನು ಅಂತ ತಿಳಿಯಬೇಕು. ಕಡಲ ಸೌತೆಗಳ ಮರುನಾಮಕರಣದ ಬಗ್ಗೆ ಗಿಲ್ ಅದೇ ವರ್ಷ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದೇಬಿಟ್ಟರು.

ತಮಾಷೆ ಅಂದರೆ ಅವರ ವಾದದಲ್ಲಿ ತಪ್ಪೇ ಇಲ್ಲ. ನಿಯಮ ಓದಿದರೆ ಅವರು ಹೇಳಿದ್ದೇ ಸರಿ.

ಇಲ್ಲಿ ನನ್ನದೂ ಒಂದು ಪಾಪ ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಎರಡನೇ ವರ್ಷ. ನಮ್ಮ ಡೇಟಾಬೇಸ್‌ನಲ್ಲಿ ಒಂದು ಕಾಲಂ ಹೆಸರು ಡೆಲಿವರಿ ಡೇಟ್ ಅಂತಿತ್ತು, ಒಳಗೆ ಇದ್ದಿದ್ದು ಆರ್ಡರ್ ಮಾಡಿದ ದಿನಾಂಕ. ಅಪ್ಪಟ ತಪ್ಪು ಹೆಸರು. ನನಗೆ ಸಹಿಸೋಕಾಗಲಿಲ್ಲ. ಒಂದು ಶುಕ್ರವಾರ ಸಂಜೆ (ಹೌದು, ಶುಕ್ರವಾರ ಸಂಜೆ) ಆರ್ಡರ್ ಡೇಟ್ ಅಂತ ಬದಲಿಸಿ ರಿಲೀಸ್ ಮಾಡಿದೆ. ಸೋಮವಾರ ಬೆಳಿಗ್ಗೆ ಬೇರೆ ಟೀಮಿನ ಮೂರು ರಿಪೋರ್ಟ್ ಖಾಲಿ. ಅವರೆಲ್ಲ ಆ ತಪ್ಪು ಹೆಸರನ್ನೇ ನೆಚ್ಚಿಕೊಂಡು ಐದು ವರ್ಷದಿಂದ ಕೋಡ್ ಬರೆದಿದ್ದರು. ನಮ್ಮ ಲೀಡ್ ಬೈಯಲಿಲ್ಲ. ಹಳೇ ಹೆಸರು ವಾಪಸ್ ಹಾಕಿಸಿ, ಪಕ್ಕದಲ್ಲಿ ಒಂದು ಸಾಲು ಕಾಮೆಂಟ್ ಬರೆಸಿದರು: ಈ ಹೆಸರು ತಪ್ಪು ಅಂತ ನಮಗೆ ಗೊತ್ತು, ದಯವಿಟ್ಟು ಮುಟ್ಟಬೇಡಿ. ಆ ಸಾಲು ಇವತ್ತಿಗೂ ಅಲ್ಲೇ ಇದೆ ಅಂತ ಕೇಳಿದ್ದೇನೆ.

ಹೊಲೊಥೂರಿಯಾ ಕೇಸಿನಲ್ಲೂ ಕಡೆಗೆ ಆಗಿದ್ದು ಇಷ್ಟೇ, ಆದರೆ ಆ ಒಂದು ಸಾಲು ಬರೆಯೋಕೆ 17 ವರ್ಷ ಹಿಡಿಯಿತು. ಹೆಸರುಗಳ ಜಗಳ ಬಿಡಿಸೋಕೆ 1895ರಲ್ಲೇ ಅಂತರರಾಷ್ಟ್ರೀಯ ಪ್ರಾಣಿನಾಮಕರಣ ಆಯೋಗ ಹುಟ್ಟಿತ್ತು. ಆದರೆ ಅದಕ್ಕೆ ನಿಯಮವನ್ನು ವ್ಯಾಖ್ಯಾನಿಸೋ ಹಕ್ಕಿತ್ತೇ ಹೊರತು, ಮುರಿಯೋ ಹಕ್ಕಿರಲಿಲ್ಲ. 1913ರಲ್ಲಿ ಮೊನಾಕೊದಲ್ಲಿ ಸೇರಿದ ಪ್ರಾಣಿಶಾಸ್ತ್ರ ಸಮ್ಮೇಳನ ಆ ಅಧಿಕಾರ ಕೊಟ್ಟಿತು: ನಿಯಮ ಪಾಲಿಸಿದರೆ ಒಳ್ಳೆಯದಕ್ಕಿಂತ ಗೊಂದಲವೇ ಜಾಸ್ತಿ ಅನ್ನಿಸಿದಲ್ಲಿ, ಆ ಒಂದು ಹೆಸರಿನ ಮಟ್ಟಿಗೆ ನಿಯಮವನ್ನು ಅಮಾನತಿನಲ್ಲಿಡಬಹುದು. ಆ ಅಧಿಕಾರ ಬಳಸಿ 1924ರಲ್ಲಿ ಆಯೋಗ ತನ್ನ 80ನೇ ಅಭಿಪ್ರಾಯ ಪ್ರಕಟಿಸಿತು. ಹೊಲೊಥೂರಿಯಾ ಕಡಲ ಸೌತೆಗಳಿಗೇ, ಫೈಸೇಲಿಯಾ ಮ್ಯಾನ್ ಆಫ್ ವಾರ್‌ಗೇ. ಮೆಡಿಟರೇನಿಯನ್ ಸಮುದ್ರದ ಹೊಲೊಥೂರಿಯಾ ಟ್ಯೂಬ್ಯುಲೋಸಾ ಆ ಕುಲದ ಮಾದರಿ ಪ್ರಭೇದ. ಮಾದರಿ ಅಂದರೆ ಹೆಸರನ್ನು ಕಟ್ಟಿಹಾಕೋ ಗೂಟ ಇದ್ದ ಹಾಗೆ. ಮುಂದೆ ಯಾರು ಹೇಗೇ ವರ್ಗೀಕರಿಸಲಿ, ಆ ಗೂಟ ಎಲ್ಲಿದೆಯೋ ಹೊಲೊಥೂರಿಯಾ ಅಲ್ಲೇ.

ಇದರಿಂದ ಕಲಿತದ್ದನ್ನು ಆಮೇಲೆ ನಿಯಮಾವಳಿಯೊಳಗೇ ಸೇರಿಸಿದ್ದಾರೆ. 2000ದಿಂದ ಜಾರಿಯಲ್ಲಿರೋ ಆವೃತ್ತಿ ಪ್ರಕಾರ, ಹಳೇ ಹೆಸರೊಂದನ್ನು 1899ರ ನಂತರ ಯಾರೂ ಸಿಂಧುವಾದ ಹೆಸರಾಗಿ ಬಳಸಿಲ್ಲ, ಹೊಸ ಹೆಸರನ್ನು ಕಳೆದ 50 ವರ್ಷದಲ್ಲಿ ಕನಿಷ್ಠ 10 ಲೇಖಕರು 25 ಪ್ರಕಟಣೆಗಳಲ್ಲಿ, 10 ವರ್ಷಕ್ಕೆ ಕಡಿಮೆಯಿಲ್ಲದ ಅವಧಿಯಲ್ಲಿ ಬಳಸಿದ್ದಾರೆ ಅಂತ ತೋರಿಸಿದರೆ, ಹೊಸದನ್ನೇ ಉಳಿಸಿಕೊಳ್ಳಬಹುದು. ಇಷ್ಟು ಸ್ಪಷ್ಟವಾದ ಡೆಪ್ರಿಕೇಶನ್ ಪಾಲಿಸಿ ನಾನು ಕೆಲಸ ಮಾಡಿದ ಯಾವ ಪ್ರಾಜೆಕ್ಟಿನಲ್ಲೂ ನೋಡಿಲ್ಲ.

ಹಾಗಂತ ಎಲ್ಲ ಹೆಸರಿಗೂ ಈ ಭಾಗ್ಯ ಇಲ್ಲ. 1833ರಲ್ಲಿ ಯೇಗರ್ ಎಂಬಾತ ಕಡಲ ಸೌತೆಗಳ ಇನ್ನೊಂದು ಕುಲಕ್ಕೆ ಮುಲ್ಲೇರಿಯಾ ಅಂತ ಹೆಸರಿಟ್ಟ. ಹತ್ತು ವರ್ಷ ಮೊದಲೇ, 1823ರಲ್ಲಿ, ಫೆರುಸಾಕ್ ಎಂಬಾತ ಅದೇ ಹೆಸರನ್ನು ಸಿಹಿನೀರಿನ ಚಿಪ್ಪುಜೀವಿಯೊಂದಕ್ಕೆ ಇಟ್ಟು ಮುಗಿಸಿದ್ದ. ಪ್ರಾಣಿಪ್ರಪಂಚ ಇಡೀ ಒಂದೇ ನೇಮ್‌ಸ್ಪೇಸ್. ಒಂದೇ ಹೆಸರಿನ ಎರಡು ಕುಲ ಇರೋ ಹಾಗಿಲ್ಲ. 1860ರಲ್ಲಿ ಬ್ರಾನ್ ಅದನ್ನು ಆಕ್ಟಿನೋಪೈಗಾ ಅಂತ ಬದಲಿಸಿದ. ಆದರೆ ಅಪ್‌ಡೇಟ್ ಎಲ್ಲರಿಗೂ ತಲುಪಬೇಕಲ್ಲ! ಏಳು ವರ್ಷದ ನಂತರ ಜರ್ಮನಿಯ ಸೆಲೆಂಕಾ ಒಂದು ಹೊಸ ಪ್ರಭೇದವನ್ನು ಇದೇ ಸತ್ತ ಹೆಸರಿನಡಿ ಮುಲ್ಲೇರಿಯಾ ನೊಬಿಲಿಸ್ ಅಂತ ದಾಖಲಿಸಿದ.

ಆ ನೊಬಿಲಿಸ್ ಇವತ್ತು ಇರೋದು ಹೊಲೊಥೂರಿಯಾದಲ್ಲಿ. ಅದರ ಪೂರ್ತಿ ಹೆಸರು ಬರೆಯೋದು ಹೀಗೆ: ಹೊಲೊಥೂರಿಯಾ ನೊಬಿಲಿಸ್ (ಸೆಲೆಂಕಾ, 1867). ಇನ್ನೊಂದನ್ನು ನೋಡಿ: ಹೊಲೊಥೂರಿಯಾ ಸ್ಕೇಬ್ರಾ ಯೇಗರ್, 1833. ಮೊದಲನೆಯದರಲ್ಲಿ ಕಂಸ ಇದೆ, ಎರಡನೆಯದರಲ್ಲಿ ಇಲ್ಲ. ಅಚ್ಚಿನ ತಪ್ಪಲ್ಲ. ಕಂಸ ಇದ್ದರೆ ಈ ಪ್ರಭೇದ ಹುಟ್ಟಿದ ಕುಲದಲ್ಲಿ ಈಗಿಲ್ಲ, ಮನೆ ಬದಲಿಸಿದೆ ಅಂತ ಅರ್ಥ. ಕಂಸ ಇಲ್ಲದಿದ್ದರೆ ಹುಟ್ಟಿದ ಮನೆಯಲ್ಲೇ ಇದೆ. ಎರಡು ಸಣ್ಣ ಗೆರೆಗಳಲ್ಲಿ ಇಡೀ ಗಿಟ್ ಹಿಸ್ಟರಿ! ಇದು ಗೊತ್ತಾದಾಗ ಹೆಂಡತಿಯನ್ನು ಎಬ್ಬಿಸಿ ಹೇಳಬೇಕು ಅನ್ನಿಸಿತ್ತು. ಎಬ್ಬಿಸಲಿಲ್ಲ.

ಸರಿ, ಇದೆಲ್ಲ ಪಂಡಿತರ ಜಗಳ, ನಮಗೇನು ಅಂತ ಕೇಳಬಹುದು. ನಾನೂ ಕೇಳಿಕೊಂಡೆ. ಉತ್ತರ ಆ ಗೈಡ್ ಹುಡುಗನ ಮಾತಲ್ಲೇ ಇತ್ತು, ಜೈಲು ಅಂದನಲ್ಲ.

ಚೀನಾ, ಹಾಂಗ್‌ಕಾಂಗ್ ಕಡೆ ಒಣಗಿಸಿದ ಕಡಲ ಸೌತೆಗೆ ಭಾರೀ ಬೆಲೆ, ಹಬ್ಬದೂಟಕ್ಕೆ, ಔಷಧಿಗೆ. ತಮಿಳುನಾಡಿನ ಮನ್ನಾರ್ ಕೊಲ್ಲಿ, ಪಾಕ್ ಕೊಲ್ಲಿಯ ಮೀನುಗಾರರು ತಲೆಮಾರುಗಳಿಂದ ಇದನ್ನು ಹಿಡಿದು, ಬೇಯಿಸಿ, ಒಣಗಿಸಿ ಮಾರಿದವರು. ಹಿಡಿದಿದ್ದು ಜಾಸ್ತಿಯಾಗಿ ಸಂಖ್ಯೆ ಇಳಿಯತೊಡಗಿತು. 1982ರಲ್ಲಿ ಮೂರು ಇಂಚಿಗಿಂತ ಸಣ್ಣದರ ರಫ್ತು ನಿಷೇಧವಾಯಿತು. 2001ರಲ್ಲಿ ಭಾರತ ಸರ್ಕಾರ ಇವನ್ನು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿತು. ಹುಲಿ ಇರೋ ಪಟ್ಟಿ ಅದು. ಅಲ್ಲಿ ಬರೆದ ಒಕ್ಕಣೆಯ ಅರ್ಥ ಇಷ್ಟೇ: ಕಡಲ ಸೌತೆ, ಎಲ್ಲಾ ಹೊಲೊಥೂರಿಯನ್‌ಗಳು. ಅಂದರೆ 1907ರಲ್ಲಿ ನೀಲಿ ಬಲೂನಿನ ಪಾಲಾಗಲಿದ್ದ ಪದವೇ, ಇವತ್ತು ನಮ್ಮ ಕಾಯ್ದೆಯಲ್ಲಿ ಈ ಜೀವಿಗಳ ತಲೆ ಕಾಯ್ತಿರೋದು.

ಎಲ್ಲವನ್ನೂ ಒಟ್ಟಿಗೆ ನಿಷೇಧಿಸಿದರೆ ಯಾವುದರ ಹೆಸರು ಏನಾದರೇನು, ತಲೆನೋವಿಲ್ಲ. ಆದರೆ ಅಲ್ಲಿನ ಮೀನುಗಾರರಿಗೆ ಈ ಸಾರಾಸಗಟು ನಿಷೇಧದ ಬಗ್ಗೆ ಸಿಟ್ಟಿದೆ. ಕೊಲ್ಲಿಯ ಆಚೆ ದಡದಲ್ಲಿ ಶ್ರೀಲಂಕಾದವರು ಲೈಸೆನ್ಸ್ ಇಟ್ಟುಕೊಂಡು ಅದನ್ನೇ ಹಿಡಿದು ಮಾರ್ತಾರೆ, ನಮ್ಮ ಬಲೆಗೆ ತಾನಾಗಿ ಬಿದ್ದರೂ ನಾವು ಅಪರಾಧಿಗಳು ಅನ್ನೋದು ಅವರ ದೂರು. ಮರಿ ಮಾಡಿಸಿ ಸಾಕೋದು ಸಾಧ್ಯವಿಲ್ಲ ಅಂತಲೂ ಅಲ್ಲ. ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ತೂತುಕುಡಿ ಕೇಂದ್ರದಲ್ಲಿ ಡಿ. ಬಿ. ಜೇಮ್ಸ್ ಮತ್ತು ಸಂಗಡಿಗರು 1988ರಲ್ಲೇ ಹೊಲೊಥೂರಿಯಾ ಸ್ಕೇಬ್ರಾ ಮರಿಗಳನ್ನು ಬೆಳೆಸಿ ತೋರಿಸಿದ್ದರು. ನನಗೆ ಆ ಮೀನುಗಾರರ ಮಾತಿನಲ್ಲಿ ನ್ಯಾಯ ಇದೆ ಅನ್ನಿಸುತ್ತೆ. ಆದರೆ ಕೆಲವಕ್ಕೆ ಅನುಮತಿ, ಕೆಲವಕ್ಕೆ ನಿಷೇಧ ಅನ್ನಬೇಕಾದರೆ ಯಾವುದು ಯಾವುದು ಅಂತ ದಡದಲ್ಲಿ ನಿಂತು ಗುರುತಿಸೋಕೆ ಬರಬೇಕು. ಅಸಲಿ ಕಷ್ಟ ಇರೋದೇ ಅಲ್ಲಿ.

ಕರುಳು ತೆಗೆದು, ಕುದಿಸಿ, ಒಣಗಿಸಿದ ಕಡಲ ಸೌತೆ ಹೆಚ್ಚುಕಮ್ಮಿ ಒಣ ಕೊರಡಿನ ಹಾಗೆ. ಬಣ್ಣ ಹೋಗಿರುತ್ತೆ, ಆಕಾರ ಕುಗ್ಗಿರುತ್ತೆ. ಉಳಿಯೋದು ಚರ್ಮದೊಳಗೆ ಹುದುಗಿರೋ ಸುಣ್ಣದ ಕಣಗಳು. ಚರ್ಮದ ಚೂರಿನ ಮೇಲೆ ಮನೆಯಲ್ಲಿ ಬಳಸೋ ಬ್ಲೀಚ್ ಎರಡು ಹನಿ ಬಿಟ್ಟರೆ ಮಾಂಸ ಕರಗಿ ಕಣ ಉಳಿಯುತ್ತೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದು ಕಣ ಪುಟಾಣಿ ಮೇಜಿನ ಹಾಗೆ, ಇನ್ನೊಂದು ತೂತುಗಳಿರೋ ಅಂಗಿ ಗುಂಡಿಯ ಹಾಗೆ. ಬೇರೆ ಕುಟುಂಬದ ಕೆಲವಕ್ಕೆ ಥೇಟ್ ಹಡಗಿನ ಲಂಗರು. 1969ರಲ್ಲಿ ಬ್ರಿಟನ್ನಿನ ರೋ ಎಂಬ ವಿಜ್ಞಾನಿ ಹೊಲೊಥೂರಿಯಾ ಎಂಬ ಈ ದೊಡ್ಡ ಕುಲವನ್ನು ಉಪಕುಲಗಳಾಗಿ ಹಂಚುವಾಗ ನೆಚ್ಚಿಕೊಂಡಿದ್ದು ಮುಖ್ಯವಾಗಿ ಇಂಥ ಕಣಗಳ ಆಕಾರವನ್ನೇ.

ಆಮೇಲೆ ಡಿಎನ್‌ಎ ಬಂತು, ಜೊತೆಗೆ ಹೊಸ ಅಚ್ಚರಿಗಳೂ ಬಂದವು. ಆಗ ಹೇಳಿದ ನೊಬಿಲಿಸ್ ಹಿಂದೂ ಮಹಾಸಾಗರದಿಂದ ಪೆಸಿಫಿಕ್‌ವರೆಗೆ ಹರಡಿರೋ ಒಂದೇ ಪ್ರಭೇದ ಅಂತ ಬಹಳ ಕಾಲ ನಂಬಿದ್ದರು. 2004ರಲ್ಲಿ ನೋಡಿದರೆ ಪೆಸಿಫಿಕ್‌ನದ್ದು ಬೇರೆಯೇ. ಅದಕ್ಕೆ ಹೊಸ ಹೆಸರು ಇಡಬೇಕಾಗಲಿಲ್ಲ. 1887ರಲ್ಲಿ ಬೆಲ್ ಎಂಬಾತ ಇಟ್ಟು, ಆಮೇಲೆ ಇದೂ ನೊಬಿಲಿಸ್ಸೇ ಅಂತ ಪಕ್ಕಕ್ಕೆ ತಳ್ಳಿದ್ದ ವಿಟ್‌ಮೇ ಅನ್ನೋ ಹೆಸರನ್ನು ಎಬ್ಬಿಸಿ ಕೂರಿಸಿದರು. ಒಂದು ಸಾಗರದಲ್ಲಿ ಖಾಲಿಯಾದರೆ ಇನ್ನೊಂದರಲ್ಲಿ ಇದೆಯಲ್ಲ ಅನ್ನೋ ಸಮಾಧಾನ ಅವತ್ತಿಗೆ ಮುಗೀತು. 2019ರಲ್ಲಿ ಜಿನೀವಾದಲ್ಲಿ ಸೈಟಿಸ್ ಒಪ್ಪಂದದ ದೇಶಗಳು ಸೇರಿ ನೊಬಿಲಿಸ್, ವಿಟ್‌ಮೇ ಮತ್ತು ಇದೇ ಕುಲದ ಫಸ್ಕೋಗಿಲ್ವಾ, ಈ ಮೂರರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿ ಬೇಕು ಅಂತ ತೀರ್ಮಾನಿಸಿದವು. 2020ರ ಆಗಸ್ಟ್ 28ರಿಂದ ಅದು ಜಾರಿಯಲ್ಲಿದೆ. ಆಮೇಲೆ 2022ರಲ್ಲಿ ಥೆಲೆನೋಟಾ ಅನ್ನೋ ಇಡೀ ಕುಲವನ್ನೇ ಪಟ್ಟಿಗೆ ಹಾಕಿದರು. ಕುಲದ ಹೆಸರು ಹೀಗೆ ಕಾನೂನಿನೊಳಗೆ ಬಂದು ಕೂತ ಮೇಲೆ, ನಾಳೆ ಯಾರಾದರೂ ವಿಜ್ಞಾನಿ ಒಂದು ಪ್ರಭೇದವನ್ನು ಆ ಕುಲದಿಂದ ಎತ್ತಿ ಬೇರೆ ಕಡೆ ಇಟ್ಟರೆ ಪಟ್ಟಿಯನ್ನೂ ನೆನಪಿಟ್ಟುಕೊಂಡು ತಿದ್ದಬೇಕು. ಇಲ್ಲದಿದ್ದರೆ ಕಸ್ಟಮ್ಸ್ ಟೇಬಲ್ ಮುಂದೆ ವಕೀಲರಿಗೆ ಒಳ್ಳೇ ಕೆಲಸ.

ನಮ್ಮ ಲಕ್ಷದ್ವೀಪದಲ್ಲಿ 2020ರಲ್ಲಿ 239 ಚದರ ಕಿಲೋಮೀಟರ್ ಜಾಗವನ್ನು ಬರೀ ಕಡಲ ಸೌತೆಗೆ ಅಂತಲೇ ಸಂರಕ್ಷಿತ ಪ್ರದೇಶ ಮಾಡಿದ್ದಾರೆ. ಅಲ್ಲಿಗೆ ಹೋಗಿ ನೋಡೋ ಆಸೆಯಿದೆ. ಮುಟ್ಟಲ್ಲ.

ಅಂಡಮಾನಿನಲ್ಲಿ ತೆಗೆದ ಫೋಟೋ ಇನ್ನೂ ಫೋನಿನಲ್ಲಿದೆ. ಅಮ್ಮನಿಗೆ ಕಳಿಸಿದಾಗ ಫ್ಯಾಮಿಲಿ ಗ್ರೂಪಿನಲ್ಲಿ, ಇದರಲ್ಲಿ ಪಲ್ಯ ಆಗುತ್ತಾ ಅಂತ ಕೇಳಿದ್ದರು. ಸಮುದ್ರಜೀವಶಾಸ್ತ್ರ ಓದಿರೋ ಗೆಳೆಯನೊಬ್ಬನಿಗೂ ಕಳಿಸಿದೆ. ಮೈಗೆ ಮರಳು ಮೆತ್ತಿಕೊಂಡಿದೆ, ಬೆನ್ನ ಮೇಲೆ ಅಲ್ಲಲ್ಲಿ ಮರಳಿಲ್ಲದ ದುಂಡನೆ ಮಚ್ಚೆ ಇದೆ, ಹಾಗಾಗಿ ಹೊಲೊಥೂರಿಯಾ ಆಟ್ರಾ ಇರಬಹುದು ಅಂದ. ಇದೇ ಕುಲದಲ್ಲಿ ಲ್ಯೂಕೋಸ್ಪೈಲೋಟಾ ಅನ್ನೋ ಇನ್ನೊಂದು ಕರಿಯದಿದೆಯಂತೆ. ಅದು ಇನ್ನೂ ಉದ್ದ, ಮೈಮೇಲೆ ಮರಳು ಇರಲ್ಲ, ಹಿಂಭಾಗವನ್ನು ಬಂಡೆಯಡಿ ಇಟ್ಟುಕೊಂಡಿರುತ್ತೆ, ಕೆಣಕಿದರೆ ಬಿಳೀ ಅಂಟುದಾರಗಳನ್ನು ಎಸೆಯುತ್ತೆ. "ಖಂಡಿತ ಹೇಳಬೇಕು ಅಂದರೆ ಚರ್ಮದ ಚೂರು ಬೇಕು ಮಗಾ" ಅಂತ ಕೊನೆಗೆ ಸೇರಿಸಿದ. ಚೂರು ತರೋ ಹಾಗಿಲ್ಲ, ಅದು ಹುಲಿಯ ಪಟ್ಟಿಯಲ್ಲಿದೆ. ಹಾಗಾಗಿ ಆ ಫೋಟೋದ ಕೆಳಗೆ ಹೊಲೊಥೂರಿಯಾ ಅಂತ ಬರೆದು, ಮುಂದೆ ಬಹುಶಃ ಆಟ್ರಾ ಅಂತ ಹಾಕಿಟ್ಟಿದ್ದೇನೆ.